ಹೇಳುವ ಮುನ್ನ ಕೇಳುವುದು

ನಮ್ಮ ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಇನ್ನೊಬ್ಬನನ್ನು ಮತಾಂತರಗೊಳಿಸುವ ಹಕ್ಕು ಅದರಲ್ಲಿ ಅಡಗಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ತೀರ್ಪಿತ್ತಿತು. ಹಾಗಾದರೆ ಕ್ರೈಸ್ತ ಸಭೆಯು ತನ್ನ ನಂಬುಗೆಯನ್ನು ನೆರೆಯವರೊಡನೆ ಹಂಚಿಕೊಳ್ಳುವ ಬಗೆ ಯಾವುದು? ಈ ಪ್ರಶ್ನೆ ಎದ್ದಾಗಲೆಲ್ಲ ನನ್ನ ಮನಸ್ಸು ಮಂಗಳೂರಿನತ್ತ ಹೊರಳುತ್ತದೆ.

ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರು 1843ರಲ್ಲಿ ಅಲ್ಲಿಂದ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲರು ನಾಗವರ್ಮನ 'ಛಂದೋಂಬುಧಿ'ಯನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಬೆಳಕು ಕಂಡಿತು. ಇವರು ಬಂದದ್ದು ಸುವಾರ್ತೆಯನ್ನು ಸಾರಲೆಂದೇ, ಅದನ್ನು ಮರೆಮಾಚಬೇಕಾಗಿಲ್ಲ. ಆ ಕಾಲದ ಮಿಷನರಿಗಳು ಈ ನಾಡಿನ ದೇವರುಗಳನ್ನು ಹಳಿದು ಬರೆದದ್ದೂ ಉಂಟು. ಆ ಖಂಡನೆಗಳನ್ನು ಇಂದು ಓದುವವರು ವಿರಳ. ನಿಘಂಟಾದರೋ ಇಂದಿಗೂ ವಿದ್ವಾಂಸರ ಮೇಜಿನ ಮೇಲಿದೆ.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟೆ: ಸಭೆಯು ಹೇಳುವ ಮುನ್ನ ಕೇಳಬೇಕು. ನೆರೆಯವನ ನುಡಿಯನ್ನೂ ಕಾವ್ಯವನ್ನೂ ದುಃಖವನ್ನೂ ಅರಿತವನ ಮಾತಿಗೆ ಬೆಲೆಯುಂಟು. ಶಾಲೆ, ಆಸ್ಪತ್ರೆಗಳನ್ನು ಬಲೆಯಾಗಿಸಿದರೆ ಸೇವೆಯೂ ಕೆಡುತ್ತದೆ, ಸಾಕ್ಷ್ಯವೂ ಕೆಡುತ್ತದೆ. ಹಾಗೆಂದು ಬಾಯಿಮುಚ್ಚಿ ಕುಳಿತಿರಬೇಕೆಂದು ನಾನು ಹೇಳುವುದಿಲ್ಲ. ಕೇಳಿದವನಿಗೆ ತನ್ನ ನಂಬುಗೆಯ ಕಾರಣವನ್ನು ಕ್ರೈಸ್ತನು ಅಳುಕದೆ ಹೇಳಲಿ. ಒಪ್ಪದೆ ಹೋದವನನ್ನು ಅದೇ ಪ್ರೀತಿಯಿಂದ ಬೀಳ್ಕೊಡಲಿ. ನಾಳೆ ಅವನು ಕಷ್ಟದಲ್ಲಿ ಬಂದಾಗ ಬಾಗಿಲು ತೆರೆದೇ ಇರಲಿ.