ಪಂಕ್ತಿಯಲ್ಲಿ ಒತ್ತಾಯ ಬೇಡ

ಸುತ್ತೂರು ಜಾತ್ರೆಯ ದಾಸೋಹದಲ್ಲಿ ಲಕ್ಷಾಂತರ ಭಕ್ತರು ಪ್ರಸಾದ ಸ್ವೀಕರಿಸುತ್ತಾರೆ. ಅವರಲ್ಲಿ ಸಕ್ಕರೆ ಕಾಯಿಲೆ ಇರುವವರೂ ಅನೇಕರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ.

ಪ್ರಸಾದವನ್ನು ಬೇಡ ಎನ್ನಬಾರದೆಂದು ಅಂಥವರ ಎಲೆಗೆ ಎರಡನೇ ಸಲ ಪಾಯಸ ಬಡಿಸುವುದು ಭಕ್ತಿಯಾಗದು. ಪ್ರಸಾದವನ್ನು ಕೆಡಿಸಬಾರದೆನ್ನುವ ನಾವು, ಬೇಕಾದಷ್ಟೇ ನೀಡಿಸಿಕೊಳ್ಳುವವರನ್ನು ಗೌರವಿಸಬೇಕು.

ಮನೆಯಲ್ಲಿ ಅವರಿಗೊಂದು, ಉಳಿದವರಿಗೊಂದು ಅಡುಗೆ ಬೇಡ. ಎಲ್ಲರೂ ಅನ್ನ, ಮುದ್ದೆ ತಗ್ಗಿಸಿ, ಸೊಪ್ಪು, ಕಾಳು, ತರಕಾರಿ ಹೆಚ್ಚಿಸಿ. ರಾಗಿ ಎಂದು ಮಿತಿಮೀರಿ ಉಂಡರೂ ಸಕ್ಕರೆ ಏರುತ್ತದೆ. ಸಂಜೆ ಜೊತೆಯಲ್ಲಿ ನಡೆಯಿರಿ. ಬರಿಗಾಲಲ್ಲಿ ಜಾತ್ರೆ ಸುತ್ತಿ ಬಂದವರ ಪಾದದಲ್ಲಿ ಗಾಯವಿದೆಯೇ ನೋಡಿ. ಅವರಿಗೆ ನೋವೇ ತಿಳಿಯದಿರಬಹುದು.

ಶಿವರಾತ್ರಿಯ ಉಪವಾಸಕ್ಕೆ ಮುನ್ನ ವೈದ್ಯರನ್ನು ಕೇಳಿ. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ನಡುಕ, ಬೆವರು, ಮಾತಿನ ತಡವರಿಕೆ ಕಂಡರೆ ಮೂರು ಟೀ ಚಮಚ ಸಕ್ಕರೆ ಕರಗಿಸಿದ ನೀರು ಕುಡಿಸಿ, 15 ನಿಮಿಷ ಬಿಟ್ಟು ನೋಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಮುಂದಿನ ಜಾತ್ರೆಯಲ್ಲಿ ಬಡಿಸುವವರು ಸಿಹಿ ನೀಡುವ ಮೊದಲು ಒಮ್ಮೆ ಕೇಳಲಿ.