ಕಾಲ್ನಡಿಗೆಯವನೇ ಮೆಟ್ಟಿಲೇರಬೇಕೆ?

ಆರ್.ಟಿ. ನಗರಕ್ಕೂ ಸಂಜಯನಗರಕ್ಕೂ ನಡುವೆ ಹಾದುಹೋಗುವುದು ಬಳ್ಳಾರಿ ರಸ್ತೆ. ನಕ್ಷೆಯಲ್ಲಿ ಅದೊಂದು ಗೆರೆ. ನಡೆದು ದಾಟಬೇಕಾದವನಿಗೆ ಮಾತ್ರ ತುಂಬಿದ ಹೊಳೆ. 2003ರಲ್ಲಿ ಹೆಬ್ಬಾಳದ ಮೇಲುಸೇತುವೆ ಬಂದಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ತೆರೆಯಿತು. ಬಳಿಕ ಯಲಹಂಕದ ದಿಕ್ಕಿಗೆ ಕಂಬಗಳ ಮೇಲೆ ಹೆದ್ದಾರಿಯೂ ಎದ್ದಿತು. ಇವುಗಳಿಂದ ಮೋಟಾರುಗಳಿಗೆ ಎಷ್ಟು ಅನುಕೂಲವಾಯಿತೆಂಬುದನ್ನು ಸಂಜೆಯ ಹೊತ್ತು ಹೆಬ್ಬಾಳದಲ್ಲಿ ಸಿಕ್ಕಿಕೊಂಡವರೇ ಹೇಳಬೇಕು. ಕಾಲ್ನಡಿಗೆಯವರ ಪಾಲಿಗೆ ದೊರೆತುದು ಸ್ಕೈವಾಕಿನ ಮೆಟ್ಟಿಲು.

ಈ ಏರ್ಪಾಡನ್ನು ಭೌತಶಾಸ್ತ್ರದ ತಕ್ಕಡಿಯಲ್ಲಿಟ್ಟು ನೋಡೋಣ. 60 ಕಿಲೋಗ್ರಾಂ ತೂಕದ ವ್ಯಕ್ತಿ 6 ಮೀಟರು ಮೇಲೇರಲು ಸುಮಾರು 3,500 ಜೂಲ್‌ಗಳಷ್ಟು ಕೆಲಸ ಮಾಡಬೇಕು. ಇಳಿಯುವಾಗಲಂತೂ ಮಂಡಿಯ ಮೇಲೆ ದೇಹದ ತೂಕದ ಮೂರು ಪಟ್ಟಿನಷ್ಟು ಭಾರ ಬೀಳುತ್ತದೆ. ವಯಸ್ಸಾದವರಿಗೆ ಇದು ಲೆಕ್ಕವಲ್ಲ, ನೋವು. ಇನ್ನೊಂದು ತಟ್ಟೆಯಲ್ಲಿ, ಒಂದು ಟನ್ ತೂಕದ ಕಾರು ಗಂಟೆಗೆ 50ರಿಂದ 30 ಕಿಲೋಮೀಟರಿಗೆ ಇಳಿದು, ಮತ್ತೆ 50ಕ್ಕೆ ಏರಲು ಬೇಕಾಗುವ ಪೆಟ್ರೋಲು ಎರಡು ಚಮಚದಷ್ಟು. ಈ ಎರಡು ಚಮಚವನ್ನು ಉಳಿಸಲೆಂದು ನಾವು ಅಜ್ಜಿಯರನ್ನು ಮೆಟ್ಟಿಲು ಹತ್ತಿಸುತ್ತಿದ್ದೇವೆ.

ಜನರು ಸ್ಕೈವಾಕನ್ನು ಬಳಸದೆ ಅಡ್ಡದಾರಿ ಹಿಡಿಯುತ್ತಾರೆ, ತಪ್ಪು ಅವರದೇ ಎಂಬ ಆಕ್ಷೇಪಣೆ ಉಂಟು. ನೀರು ಇಳಿಜಾರಿಗೆ ಹರಿಯುವಂತೆ ದಣಿದವನು ಹತ್ತಿರದ ಹಾದಿ ಹಿಡಿಯುತ್ತಾನೆ. ಇದನ್ನು ಮರೆತು ರಚಿಸಿದ ರಸ್ತೆಯದೇ ದೋಷವೆಂದು ನಮ್ಮ ಅಭಿಪ್ರಾಯ.

ಮುಖ್ಯ ಪ್ರಶ್ನೆ ವೇಗದ್ದು. ಹದಿನೈದು ಮೀಟರು ಮುಂದೆ ಮಗುವೊಂದು ರಸ್ತೆಗಿಳಿಯಿತೆನ್ನಿ. ಚಾಲಕನು ಎಚ್ಚೆತ್ತು ಬ್ರೇಕು ಒತ್ತಲು ಒಂದು ಸೆಕೆಂಡು ಹಿಡಿಯುತ್ತದೆ. ಗಂಟೆಗೆ 30 ಕಿಲೋಮೀಟರು ವೇಗದ ಕಾರು ಅಷ್ಟರಲ್ಲಿ 8 ಮೀಟರು ಸಾಗಿ, ಒಣ ರಸ್ತೆಯಲ್ಲಿ ಇನ್ನೈದು ಮೀಟರಿನೊಳಗೆ ನಿಲ್ಲುತ್ತದೆ, ಮಗು ಬದುಕುತ್ತದೆ. 60ರ ವೇಗದಲ್ಲಾದರೆ ಆ ಒಂದು ಸೆಕೆಂಡಿನಲ್ಲೇ ಕಾರು ಸುಮಾರು 17 ಮೀಟರು ಮುಂದೆ ಹೋಗಿರುತ್ತದೆ. ಎಂದರೆ, ಬ್ರೇಕು ಹಿಡಿಯುವುದಕ್ಕೆ ಮೊದಲೇ ಪೂರ್ಣ ವೇಗದ ಪೆಟ್ಟು ಬಿದ್ದಿರುತ್ತದೆ. ಆ ಪೆಟ್ಟಿನ ಶಕ್ತಿಯೂ ಎರಡರಷ್ಟಲ್ಲ, ನಾಲ್ಕರಷ್ಟು. ಹಾಲೆಂಡಿನಲ್ಲಿ 1971ರ ಒಂದೇ ವರ್ಷ ನಾನೂರಕ್ಕೂ ಹೆಚ್ಚು ಮಕ್ಕಳು ರಸ್ತೆಗಳಲ್ಲಿ ಸತ್ತಾಗ ತಾಯಿತಂದೆಯರು ಬೀದಿಗಿಳಿದರು. ಇಂದು ನಾವು ಹೊಗಳುವ ಅಲ್ಲಿಯ ಸೈಕಲ್ ಹಾದಿಗಳು ಆ ಸಿಟ್ಟಿನ ಫಲವೂ ಹೌದು.

ನಮ್ಮ ಊರಿಗೆ ಸೈಕಲ್ಲು ಅಯೋಗ್ಯವೇನಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಈ ತಂಪಿನಲ್ಲಿ ಬೆವರುವ ಭಯ ಕಡಮೆ. 2014ರಲ್ಲಿ ಯಶವಂತಪುರಕ್ಕೆ ಮೆಟ್ರೋ ಬಂದಿತು. ನಿಲ್ದಾಣದಿಂದ ಎರಡೂವರೆ ಕಿಲೋಮೀಟರು ದೂರದ ಮನೆಗೆ ಸೈಕಲ್ಲಿನಲ್ಲಿ ಹತ್ತೇ ನಿಮಿಷ. ಆದರೆ ಲಾರಿಗಳ ಪಕ್ಕದಲ್ಲಿ ಆ ಹತ್ತು ನಿಮಿಷ ಕಳೆಯಲು ಯಾರಿಗೆ ಧೈರ್ಯ?

ಪಾದಚಾರಿ ಮಾರ್ಗ ಕನಿಷ್ಠ 1.8 ಮೀಟರು ಅಗಲವಾಗಿ ಅಡೆತಡೆಯಿಲ್ಲದಿರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸು 2012ರಲ್ಲೇ ಹೇಳಿದೆ. ಟ್ರಾನ್ಸ್‌ಫಾರ್ಮರು, ನಿಲ್ಲಿಸಿದ ಸ್ಕೂಟರುಗಳು, ಕಲ್ಲಿನ ರಾಶಿ ಇವನ್ನು ಕಳೆದು ಎಷ್ಟು ಉಳಿಯುವುದೆಂದು ವಾಚಕರು ತಮ್ಮ ಬೀದಿಯಲ್ಲಿ ಟೇಪು ಹಿಡಿದು ಅಳೆಯಬಹುದು.

ಮೊದಲ ಕೆಲಸವಾಗಿ, ಬಳ್ಳಾರಿ ರಸ್ತೆಯನ್ನು ನೆಲದಲ್ಲೇ ದಾಟಲು ದೀಪಸಂಕೇತಗಳಿರಲಿ ಎಂದು ನಾವು ಕೇಳುತ್ತೇವೆ. ಇಪ್ಪತ್ತು ಮೀಟರು ದಾಟಲು ಚುರುಕಾಗಿ ನಡೆಯುವವನಿಗೆ 17 ಸೆಕೆಂಡು ಸಾಕು. ಕೋಲೂರಿದ ಮುದುಕನಿಗೆ 25 ಬೇಕು. ಹಸಿರು ದೀಪವನ್ನು ಆ ಮುದುಕನ ನಡಿಗೆಗೆ ಹೊಂದಿಸಿ ಇಡಬೇಕು.