ಕೂಗುವ ಕೇಬಲ್

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಮೋಟಾರು ಒಂದು ಕಡೆ, ಹೊಲ ಇನ್ನೊಂದು ಕಡೆ, ಮನೆ ಮತ್ತೊಂದು ಕಡೆ. ಕೃಷ್ಣೆ, ದೂಧಗಂಗಾ, ವೇದಗಂಗಾ ದಂಡೆಯಲ್ಲಿ ಇಳಿಬಿಟ್ಟ ಮೋಟಾರಿಗೆ ರಾತ್ರಿ ಕಾವಲು ಯಾರು? ಕಳ್ಳ ಕೇಬಲ್ ಕತ್ತರಿಸುತ್ತಾನೆ, ಮೇಲಿನ ಹೊದಿಕೆ ಸುಡುತ್ತಾನೆ, ತಾಮ್ರ ಒಯ್ಯುತ್ತಾನೆ. ಗುಜರಿಗೆ ನಮ್ಮ ಕಡೆ ಭಂಗಾರ ಅನ್ನುತ್ತೇವೆ. ಅವನ ಪಾಲಿಗೆ ಅದು ಬಂಗಾರವೇ. ಬೆಳಗ್ಗೆ ರೈತನ ಕೈಗೆ ಸಿಗುವುದು ಗೇಣುದ್ದದ ತುಂಡು, ಸುಟ್ಟ ವಾಸನೆ, ಬೂದಿ.

ಇದಕ್ಕೊಂದು ಅಗ್ಗದ ಎಚ್ಚರಿಕೆ ಯಂತ್ರ ಮಾಡೋಣ ಎಂದರೆ ಅಡ್ಡಮಾತುಗಳು ಬರುತ್ತವೆ. ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

‘ಕಳ್ಳರನ್ನು ಹಿಡಿಯುವುದು ಪೊಲೀಸರ ಕೆಲಸ, ಯಂತ್ರದ್ದಲ್ಲ.’

ಒಪ್ಪಿದೆ. ಕಾನೂನಿಗೇನೂ ಬರವಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಕದ್ದವನಿಗೂ ಶಿಕ್ಷೆಯಿದೆ, ಕದ್ದ ಮಾಲೆಂದು ಗೊತ್ತಿದ್ದೂ ಕೊಂಡವನಿಗೂ ಇದೆ. ಆದರೆ ಠಾಣೆಯಲ್ಲಿ ಕೇಳುವ ಮೊದಲ ಪ್ರಶ್ನೆಗೇ ರೈತ ತಡವರಿಸುತ್ತಾನೆ: ‘ಎಷ್ಟೊತ್ತಿಗೆ ಆಯ್ತು?’ ಅವನಿಗೆ ಗೊತ್ತಾಗಿದ್ದು ತ್ರೀಫೇಸ್ ಕರೆಂಟು ಬಂದಾಗ, ಗುಂಡಿ ಒತ್ತಿದರೂ ನೀರು ಬರದೇ ಹೋದಾಗ. ಕಾಗವಾಡದಲ್ಲಿ ಕತ್ತರಿಸಿದ ತಾಮ್ರ ಆ ಹೊತ್ತಿಗೆ ಮಹಾರಾಷ್ಟ್ರದ ಗಡಿ ದಾಟಿದ್ದರೂ ದಾಟಿದ್ದೇ. ಯಂತ್ರ ಪೊಲೀಸರ ಕೆಲಸ ಕಸಿಯುವುದಿಲ್ಲ, ಅವರಿಗೆ ಹೊತ್ತು ಹೇಳುತ್ತದೆ.

‘ಹಾಕಿದ ಕ್ಯಾಮೆರಾಗಳೇ ಏನು ಕಡಿದು ಹಾಕಿದವು?’

ಏನೂ ಇಲ್ಲ. ಭಾದ್ರಪದದ ಹೊತ್ತಿಗೆ ಕಬ್ಬು ಆಳೆತ್ತರ ದಾಟಿರುತ್ತದೆ. ಕ್ಯಾಮೆರಾಕ್ಕೆ ಕಾಣುವುದು ಅಲ್ಲಾಡುವ ಗರಿ ಮಾತ್ರ. ಹಗಲೆಲ್ಲ ಅದು ಕಾಯುವುದು ಕಳೆ ತೆಗೆಯಲು ಬಂದ ಹೆಣ್ಣಾಳುಗಳನ್ನು. ಹಾಗಾಗಿ ನಾನು ಕೇಳುತ್ತಿರುವುದು ಕ್ಯಾಮೆರಾ ಅಲ್ಲವೇ ಅಲ್ಲ.

‘ಕರೆಂಟೇ ಇಲ್ಲದ ಹೊಲದಲ್ಲಿ ಯಂತ್ರ ಏನು ಮಾಡೀತು?’

ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಇದು. ಪಂಪ್‌ಸೆಟ್ಟಿಗೆ ದಿನಕ್ಕೆ 7 ತಾಸು ತ್ರೀಫೇಸ್ ಅನ್ನುವುದು ಸರ್ಕಾರದ ಲೆಕ್ಕ. ಮಿಕ್ಕ ಹೊತ್ತೇ ಕಳ್ಳನ ಹೊತ್ತು; ಕರೆಂಟಿರುವ ಕೇಬಲ್ಲಿಗೆ ಕೈ ಹಾಕುವಷ್ಟು ದಡ್ಡ ಅವನಲ್ಲ. ಹಾಗಾಗಿ ಯಂತ್ರ ಕಣ್ಣು ಬಿಡಬೇಕಾದದ್ದೇ ಕರೆಂಟು ಹೋದ ಮೇಲೆ.

ದಾರಿ ಸರಳ. ಸ್ಟಾರ್ಟರ್ ಪೆಟ್ಟಿಗೆಯಿಂದ ಮೋಟಾರಿಗೆ ಮೂರು ಎಳೆ ಹೋಗುತ್ತವೆ. ಕರೆಂಟು ನಿಂತೊಡನೆ ಪೆಟ್ಟಿಗೆಯೊಳಗಿನ ಸಣ್ಣ ಬ್ಯಾಟರಿ ಒಂದು ಎಳೆಯಲ್ಲಿ ಕೆಲವೇ ವೋಲ್ಟಿನ ಕರೆಂಟು ಹರಿಸಬೇಕು. ಅದು ಮೋಟಾರಿನ ವೈಂಡಿಂಗ್ ಸುತ್ತಿ ಇನ್ನೊಂದು ಎಳೆಯಲ್ಲಿ ಮರಳುತ್ತದೆ. ಕೇಬಲ್ ನಡುವೆ ಎಲ್ಲಿ ಕತ್ತರಿಸಿದರೂ ಆ ಸುತ್ತು ಮುರಿಯುತ್ತದೆ, ಪೆಟ್ಟಿಗೆಯ ಸಿಮ್ ಫೋನು ಹಚ್ಚುತ್ತದೆ. ಕರೆಂಟು ಬಂದಾಗ ರಿಲೇ ಬ್ಯಾಟರಿಯನ್ನು ಬೇರೆ ಮಾಡಿದರಾಯಿತು. ಮೊಬೈಲಿನಿಂದ ಮೋಟಾರು ಚಾಲೂ ಮಾಡುವುದು ನಮ್ಮವರಿಗೆ ಹೊಸತಲ್ಲ. ಅದೇ ಪೆಟ್ಟಿಗೆಗೆ ಇನ್ನೊಂದು ಕೆಲಸ ಕಲಿಸಬೇಕು, ಅಷ್ಟೇ.

‘ಆ ಪೆಟ್ಟಿಗೆಯನ್ನೇ ಒಯ್ದರೆ?’

ಒಯ್ಯಲಿ. ಅದರೊಳಗೆ ಮಾರುವಂಥ ತಾಮ್ರವಿಲ್ಲ. ದಿನಕ್ಕೊಮ್ಮೆ ‘ಇದ್ದೇನೆ’ ಎಂದು ಸಂದೇಶ ಕಳಿಸುವ ಪೆಟ್ಟಿಗೆ ಒಂದು ದಿನ ಸುಮ್ಮನಾದರೆ ಆ ಮೌನವೂ ಸುದ್ದಿಯೇ. ಕಳ್ಳನಿಗಿಂತ ನನಗೆ ಹೊಳೆಯದೇ ಹೆದರಿಕೆ. 2005, 2019ರ ಮಹಾಪೂರ ಕಂಡವರು ನೀರು ಏರಿತೆಂದರೆ ಮೋಟಾರು ಎತ್ತಲು ಓಡುತ್ತಾರೆ. ಆ ಗಡಿಬಿಡಿಯಲ್ಲಿ ಪೆಟ್ಟಿಗೆ ಎರಡು ಸ್ಕ್ರೂ ತಿರುವಿದರೆ ಕೈಗೆ ಬರಬೇಕು. ಬೆಂಗಳೂರಿನ ಮೇಜಿನ ಮೇಲೆ ಚಿತ್ರ ಬರೆಯುವವರು ಒಂದು ಮಳೆಗಾಲ ಯಡೂರಿನ ದಂಡೆಯಲ್ಲಿ ನಿಲ್ಲಲಿ.

‘ಬೇಲಿಗೆ ಕರೆಂಟು ಬಿಟ್ಟರೆ ಮುಗೀತು.’

ಮುಗಿಯುವುದು ಯಾರು? ಕಳ್ಳನಿಗಿಂತ ಮೊದಲು ನಿಮ್ಮದೇ ಎಮ್ಮೆ, ಇಲ್ಲವೇ ನೆರೆಮನೆಯ ಹುಡುಗ. ಆಮೇಲೆ ಜೈಲಿಗೆ ಹೋಗುವವರು ನೀವು. ಇದಕ್ಕೆ ಇಷ್ಟು ಉತ್ತರ ಸಾಕು.

‘ಊರವರು ಒಟ್ಟಾಗಿ ಗಸ್ತು ತಿರುಗಿದರೆ ಯಂತ್ರ ಯಾಕೆ?’

ಮಾತು ಚೆನ್ನಾಗಿದೆ. ಮೊದಲ ವಾರ ಬ್ಯಾಟರಿ ಹಿಡಿದು ಇಪ್ಪತ್ತು ಮಂದಿ ಹೊರಡುತ್ತಾರೆ, ಮೂರನೆಯ ವಾರಕ್ಕೆ ನಾಲ್ವರು ಉಳಿಯುತ್ತಾರೆ, ಕಬ್ಬು ಕಟಾವು ಶುರುವಾದರೆ ಅವರಿಗೂ ನಿದ್ದೆ. ದಿನಾ ಎಲ್ಲರೂ ಎದ್ದಿರುವುದು ಆಗದ ಮಾತು. ಕಳವಾಗುವ ಆ ಒಂದು ರಾತ್ರಿ ಎಬ್ಬಿಸಿದರೆ ಏಳುತ್ತಾರೆ. ಎದ್ದವರು ಕತ್ತಲಲ್ಲಿ ಒಬ್ಬೊಬ್ಬರೇ ನುಗ್ಗಬಾರದು. ದೀಪ ಹಚ್ಚಲಿ, ಕೂಗಲಿ, 112ಕ್ಕೆ ಫೋನು ಮಾಡಲಿ.

ಇಲ್ಲಿಗೆ ಗಸ್ತಿನವರ ಮಾತಿನಲ್ಲಿದ್ದ ಸತ್ಯವನ್ನೂ ಒಪ್ಪಬೇಕು: ಕೂಗಿಗೆ ಏಳುವವರಿಲ್ಲದಿದ್ದರೆ ಕೂಗಿ ಫಲವಿಲ್ಲ. ಪೆಟ್ಟಿಗೆಯಲ್ಲಿ ಹಾಕುವ ಮೊದಲ ನಂಬರು ಮಾಲೀಕನದಾಗಬಾರದು. ಅವನು ದೂರದ ಊರೊಳಗೆ ಮಲಗಿರುತ್ತಾನೆ. ದಂಡೆಗೆ ಹತ್ತಿರದ ತೋಟದ ಮನೆಯವನದಾಗಬೇಕು. ಅವನ ಜೊತೆ ಬದುವಿನ ಜಗಳವಿದ್ದರೆ, ಪೆಟ್ಟಿಗೆ ಕೊಳ್ಳುವ ಮೊದಲು ಅದನ್ನು ಬಗೆಹರಿಸಿಕೊಳ್ಳಿ.